ನೀರು ಕಟ್ಟುವವರು ಯಾರು?

ಹಳಗನ್ನಡದಲ್ಲಿ ‘ಪರದ’ ಎಂದರೆ ವ್ಯಾಪಾರಿ. ಪಕಾರ ಹಕಾರವಾಗಿ ಆ ಮಾತು ‘ಹರದ’ ಎಂದಾಯಿತು. ಚಾಮರಾಜನಗರದ ಸಮೀಪದ ಹರದನಹಳ್ಳಿಯ ಹೆಸರಿನಲ್ಲಿ ಆ ವ್ಯಾಪಾರಿಯೇ ಕುಳಿತಿರುವಂತೆ ತೋರುತ್ತದೆ. ದಿವ್ಯಲಿಂಗೇಶ್ವರನ ಗೋಪುರ ಎದ್ದುನಿಂತಿರುವ ಆ ಸೀಮೆಗೆ ತಮಿಳುನಾಡು ನೆರೆ. ಗಡಿನಾಡಿನ ಸಂತೆಯಲ್ಲಿ ಎರಡು ಭಾಷೆಗಳು ಎದುರುಬದುರು ನಿಂತು ಚೌಕಾಸಿ ಮಾಡುತ್ತವೆ. ಯಾರೂ ಯಾರ ನಾಲಗೆಯನ್ನೂ ತಿದ್ದಲು ಹೋಗುವುದಿಲ್ಲ. ಆದರೆ ಮಾತು ಬೇರೆ, ಲೆಕ್ಕದ ಪುಸ್ತಕ ಬೇರೆ. ಒಂದೇ ಪುಸ್ತಕವನ್ನು ಇಬ್ಬರು ಎರಡು ಭಾಷೆಗಳಲ್ಲಿ ಬರೆಯತೊಡಗಿದರೆ, ನಾಳೆ ತಪ್ಪು ಕಂಡಾಗ ಓದಿ ತಿದ್ದುವವರು ಯಾರು?

ಇದೇ ಪ್ರಶ್ನೆ ಲಿನಕ್ಸ್ ಎಂಬ ದೊಡ್ಡ ಮನೆಯನ್ನು ಕೆಲವು ವರ್ಷಗಳಿಂದ ಕಾಡಿದೆ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಕಟ್ಟಿದ ಈ ಕಾರ್ಯಾಚರಣ ವ್ಯವಸ್ಥೆ ಇಂದು ಪ್ರತಿಯೊಂದು ಆಂಡ್ರಾಯ್ಡ್ ಫೋನಿನ ಒಡಲಲ್ಲಿದೆ. ಅದರ ಸುಮಾರು ನಾಲ್ಕು ಕೋಟಿ ಸಾಲುಗಳಲ್ಲಿ ಬಹುಪಾಲು ‘ಸಿ’ ಭಾಷೆಯಲ್ಲಿವೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿಯವರ ಕೈಯಲ್ಲಿ ಹುಟ್ಟಿದ ಭಾಷೆ ಅದು. ಬರೆಯುವವನನ್ನು ಪೂರ್ತಿ ನಂಬುವುದು ಅದರ ಗುಣ, ದೋಷವೂ ಅದೇ. ಬಿಟ್ಟುಕೊಟ್ಟ ಹೊಲವನ್ನು ಮತ್ತೆ ಉಳಲು ಹೋದವನನ್ನು ಅದು ತಡೆಯುವುದಿಲ್ಲ. ಯಂತ್ರದ ಮೆಮೊರಿಯಲ್ಲಿ ಇಂಥ ಅಕ್ರಮ ಉಳುಮೆ ನಡೆದರೆ ಕಳ್ಳರಿಗೆ ಹಿತ್ತಿಲ ಬಾಗಿಲು ತೆರೆಯುತ್ತದೆ. ತಾನು ವರ್ಷವರ್ಷವೂ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70 ಪಾಲು ಈ ಜಾತಿಯವೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಲೆಕ್ಕ ಕೊಟ್ಟಿತು.

ಇದಕ್ಕೆ ಮದ್ದಾಗಿ ಬಂದದ್ದು ‘ರಸ್ಟ್’. ಅದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. 2006ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಗ್ರೇಡನ್ ಹೋರ್ ಎಂಬ ತರುಣ ಮನೆಗೆ ಬಂದಾಗ ಲಿಫ್ಟು ಕೆಟ್ಟು ನಿಂತಿತ್ತು. ತಪ್ಪು ಅದರ ಪ್ರೋಗ್ರಾಮಿನದು. ಇಪ್ಪತ್ತೊಂದು ಮಹಡಿ ಹತ್ತುತ್ತ ಅವನಿಗೆ ಹೊಳೆದ ಯೋಚನೆಯೇ ಈ ಭಾಷೆ. ಒಂದು ತುಂಡು ಮೆಮೊರಿಗೆ ಒಬ್ಬನೇ ಒಡೆಯ. ಎರವಲು ಪಡೆದವನು ನಿಯಮದಂತೆ ನಡೆಯಬೇಕು. ತಪ್ಪಿದರೆ ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ ಹಿಂದಕ್ಕೆ ಕಳಿಸುತ್ತದೆ.

ಮಿಗೆಲ್ ಒಹೇಡ ಮತ್ತು ಜೊತೆಗಾರರ ಪ್ರಯತ್ನದಿಂದ 2022ರ ಡಿಸೆಂಬರಿನ 6.1ನೆಯ ಆವೃತ್ತಿಯಲ್ಲಿ ರಸ್ಟ್ ಲಿನಕ್ಸಿನ ಹೊಸ್ತಿಲು ದಾಟಿತು, ಪ್ರಯೋಗಕ್ಕೆಂದು. ತಿಕ್ಕಾಟವೂ ಅದರ ಹಿಂದೆಯೇ ಬಂತು. ಹೊಸಬರು ಹಳೆಯ ಸಿ ಸಾಲುಗಳ ಮೇಲೆ ದುಭಾಷಿಯಂಥ ಒಂದು ಹೊದಿಕೆ ನೇಯಬೇಕು. ಹಿರಿಯರು ಕೆಳಗಿನದನ್ನು ಬದಲಿಸಿದರೆ ಮೇಲಿನದು ಹರಿಯುತ್ತದೆ. ಹೊಲಿಯುವ ಹೊಣೆ ಯಾರದು? ಉತ್ಸಾಹದಿಂದ ಬಂದವರು ನಾಳೆ ಎದ್ದು ಹೋದರೆ? ಹಿರಿಯರ ಅಂಜಿಕೆ ಇದು. ಹೊಸಬರದು ಬೇರೆ ಅಳಲು: ‘ನೀವು ಕಲಿಯಬೇಕಾಗಿಲ್ಲ, ನಿಮ್ಮ ಸಾಲುಗಳ ನಿಯಮವನ್ನಾದರೂ ಹೇಳಿ’ ಎಂದರೆ ಅದಕ್ಕೂ ಮುಖ ಸಿಂಡರಿಸಿದರೆ ಹೇಗೆ? 2024ರ ಆಗಸ್ಟಿನಲ್ಲಿ ವೆಡ್ಸನ್ ಅಲ್ಮೇಡ ಫಿಲ್ಹೊ, ತಾಂತ್ರಿಕವಲ್ಲದ ಜಗಳಗಳಿಗೆ ಸೋತು, ಈ ಕೆಲಸವನ್ನು ಬಿಟ್ಟರು. 2025ರ ಮೊದಲಲ್ಲಿ ಕ್ರಿಸ್ಟೋಫ್ ಹೆಲ್ವಿಗ್ ತಮ್ಮ ಪಾಲನೆಯ ಭಾಗಕ್ಕೆ ರಸ್ಟ್ ಹೊದಿಕೆ ಬೇಡವೆಂದರು. ಎರಡು ಭಾಷೆಗಳ ಬೆರಕೆಯನ್ನು ಕ್ಯಾನ್ಸರಿಗೆ ಹೋಲಿಸಿದರು. ಹೊಸ ಭಾಷೆಯ ಪಕ್ಷದ ಹೆಕ್ಟರ್ ಮಾರ್ಟಿನ್ ಬೇಸತ್ತು ಹೊಣೆ ಕಳಚಿಕೊಂಡರು.

ಹರದನಹಳ್ಳಿಯ ಕಡೆಯ ಒಂದು ರೈತಮನೆಗೆ ಈ ಸುದ್ದಿ ಮುಟ್ಟಿತೆಂದು ಭಾವಿಸಬಹುದು. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗ ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ವಿವರಿಸುತ್ತಾನೆ. ಅರಿಸಿನ, ಬಾಳೆ ಬೆಳೆದು ತಲೆ ನರೆತ ತಂದೆ ಸಾವಧಾನವಾಗಿ ಕೇಳುತ್ತಾರೆ.

“ಹೊಸ ಪೈರು ಒಳ್ಳೇದೇ ಇರಬೋದು, ಮಗ. ರಾತ್ರಿ ಕರೆಂಟು ಬಂದಾಗ ಎದ್ದು ನೀರು ಕಟ್ಟೋರು ಯಾರು? ಅದ ಮೊದಲು ಹೇಳು.”

“ನಾವೇ ಕಟ್ಟುತೀವಿ ಅಂತಾವ್ರೆ ಕಣಪ್ಪ.”

“ಹಂಗಾದ್ರೆ ಆ ಹಿರೀರು ಕಾಲುವೆಗೆ ಅಡ್ಡ ಮಲಗೋದು ಸರಿಯಲ್ಲ.”

2025ರ ಫೆಬ್ರವರಿಯಲ್ಲಿ ಟೋರ್ವಾಲ್ಡ್ಸ್ ಕೊಟ್ಟ ತೀರ್ಪೂ ಹೆಚ್ಚುಕಡಿಮೆ ಇದೇ. ರಸ್ಟ್ ಬೇಡವೆನ್ನುವವರು ಅದನ್ನು ಮುಟ್ಟಬೇಕಾಗಿಲ್ಲ; ಆದರೆ ತಮ್ಮ ಸಿ ಸಾಲುಗಳನ್ನು ಬೇರೆಯವರು ರಸ್ಟಿನಿಂದ ಬಳಸಬಾರದೆನ್ನುವ ಹಕ್ಕು ಅವರಿಗಿಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಗದ್ದಲವೆಬ್ಬಿಸಿ ಒತ್ತಡ ತರುವುದನ್ನೂ ಅವರು ಒಪ್ಪಲಿಲ್ಲ. ಹೆಲ್ವಿಗ್ ಆ ಭಾಗದ ಪಾಲನೆಯಿಂದ ಹಿಂದೆ ಸರಿದರು. ಆ ವರ್ಷದ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ಸೇರಿದ ನಿರ್ವಾಹಕರ ಸಭೆ, ರಸ್ಟ್ ಇನ್ನು ಪ್ರಯೋಗವಲ್ಲವೆಂದು ತೀರ್ಮಾನಿಸಿತು.

ಹೊಸ ಪೈರಿನ ಫಲವನ್ನು ಅಲ್ಲಗಳೆಯುವಂತಿಲ್ಲ. ಹೊಸ ಸಾಲುಗಳನ್ನು ರಸ್ಟಿನಂಥ ಭಾಷೆಗಳಲ್ಲಿ ಬರೆಯುತ್ತ ಬಂದ ಆಂಡ್ರಾಯ್ಡಿನಲ್ಲಿ, ಭದ್ರತಾ ದೋಷಗಳ ಪೈಕಿ ಮೆಮೊರಿಗೆ ಸೇರಿದವು 2019ರಲ್ಲಿ ನೂರಕ್ಕೆ 76 ಇದ್ದದ್ದು 2024ರಲ್ಲಿ 24ಕ್ಕೆ ಇಳಿಯಿತೆಂದು ಗೂಗಲ್ ತಿಳಿಸಿದೆ. ಆದರೂ ಹಿರಿಯರ ಪ್ರಶ್ನೆಯನ್ನು ಹಟವೆಂದು ತಳ್ಳಿಹಾಕುವುದು ಅನ್ಯಾಯ. ಕೋಟಿಗಟ್ಟಲೆ ಸಿ ಸಾಲುಗಳು ಎಲ್ಲಿಗೂ ಹೋಗುವುದಿಲ್ಲ. ಅವುಗಳ ಮಗ್ಗುಲಲ್ಲೇ ರಸ್ಟ್ ಬೆಳೆಯಬೇಕು. ಸಭೆಯ ಒಪ್ಪಿಗೆ ಒಂದು ದಿನದ ಮಾತು, ಕಾವಲು ದಿನದಿನದ್ದು. ಹತ್ತು ವರ್ಷಗಳ ಮೇಲೂ ನಡುರಾತ್ರಿ ಎದ್ದು ಹರಿದ ಹೊದಿಕೆಯನ್ನು ಹೊಲಿಯುವವರು ಹೊಸಬರಲ್ಲಿ ಇದ್ದರೆ, ಹಿರಿಯರ ಅಂಜಿಕೆ ತಾನಾಗಿ ಕರಗುತ್ತದೆ.