ಪಂಪಿನ ಸ್ಕ್ರೂ ಮುಟ್ಟುವ ಮುಂಚೆ

ಜೂನ್ ಮೊದಲ ವಾರ ಅಣ್ಣನ ಫೋನ್ ಬಂದಾಗ ನಾನು ನಾಸಿಕ್‌ನ ಸಾತ್ಪುರದ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮೀಟಿಂಗ್ ನಡೆಯುತ್ತಿತ್ತು, ನಾನು ಮ್ಯೂಟ್ ಆಗಿದ್ದೆ.

"ಪೂರಾ ಕೊಟ್ರೂ ಎಳಿತಿಲ್ಲೆ ಮಾರಾಯ. ಕಪ್ಪ್ ಹೊಗೆ ಬತ್ತಿತ್ತ್. ನೀ ಇಪ್ಪುದು ನಾಜಲ್ ಮಾಡು ಊರಗಲ್ದಾ? ಒಂದ್ ಸೆಟ್ ತಕಂಡ್ ಬಾ."

ಅಣ್ಣ ಹೇಳಿದ್ದು ತಪ್ಪಲ್ಲ. ನಮ್ಮ ಕಡೆ ಈಗಲೂ ಮೈಕೋ ಎಂದೇ ಕರೆಯುವ ಬಾಷ್ ಕಂಪನಿ 1951ರಲ್ಲಿ ಶುರುವಾಯಿತು. ಅದರ ನಾಜಲ್, ಇಂಜೆಕ್ಟರ್ ಮಾಡುವ ಕಾರ್ಖಾನೆ ಇರುವುದು ಸಾತ್ಪುರದಲ್ಲಿ, ನಾನು ದಿನಾ ತರಕಾರಿ ತರುವ ದಾರಿಗೆ ಹತ್ತಿರ. ಇಷ್ಟು ವರ್ಷ ಅದನ್ನು ಒಂದು ಬಸ್ ಸ್ಟಾಪಿನ ಹಾಗೆ ನೋಡಿಕೊಂಡು ಓಡಾಡಿದ್ದೇನೆ. ಗಂಗೊಳ್ಳಿಯ ದಕ್ಕೆಯಲ್ಲಿ ಕಟ್ಟಿರುವ ನಮ್ಮ ಬೋಟಿಗೂ ಅದಕ್ಕೂ ಸಂಬಂಧ ಇದೆ ಅಂತ ಒಮ್ಮೆಯೂ ಹೊಳೆದಿರಲಿಲ್ಲ.

ಬೋಟು ಅಪ್ಪ 2001ರಲ್ಲಿ ಕಟ್ಟಿಸಿದ್ದು. ಒಳಗೆ ಆರು ಸಿಲಿಂಡರಿನ ಡೀಸೆಲ್ ಎಂಜಿನ್, ಆರೂವರೆ ಲೀಟರಿನದ್ದು, ಟರ್ಬೋ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ತಾಂಡೇಲ. ಮೇ ಕೊನೆಗೆ ವಾಪಸ್ ಬರುವಾಗ ಅಳಿವೆಯಲ್ಲಿ ದೊಡ್ಡ ತೆರೆಯೊಂದು ಹಿಂದಿನಿಂದ ಎತ್ತಿದ ಹೊತ್ತಿಗೆ ಎಂಜಿನ್ ಏರಲಿಲ್ಲವಂತೆ. ಬೋಟು ಅಡ್ಡ ತಿರುಗಿತು. ಒಳಗೆ ಎಂಟು ಜನ. ಇದನ್ನು ನನಗೆ ಹೇಳಿದ್ದು ಅಣ್ಣನಲ್ಲ, ಅತ್ತಿಗೆ. ಪಂಚಗಂಗಾವಳಿ ಸಮುದ್ರ ಸೇರುವ ಆ ಬಾಯಿಯನ್ನು ನೋಡಿದವರಿಗೆ ಅಡ್ಡ ತಿರುಗುವುದು ಅಂದರೆ ಏನೆಂದು ವಿವರಿಸಬೇಕಾಗಿಲ್ಲ.

ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, 61 ದಿನ. ಅಷ್ಟರೊಳಗೆ ತೀರ್ಮಾನ ಆಗಬೇಕಿತ್ತು. ಹೆಚ್ಚು ಅಶ್ವಶಕ್ತಿಯ ಸೆಕೆಂಡ್ ಹ್ಯಾಂಡ್ ಎಂಜಿನ್ ಒಂದನ್ನು ಅಣ್ಣ ನೋಡಿಟ್ಟಿದ್ದ. ಕೂರಿಸುವ ಖರ್ಚು ಸೇರಿ ಹನ್ನೊಂದು ಲಕ್ಷ. ಸಾಲ ನನ್ನ ಹೆಸರಿನಲ್ಲಿ ಎಂದು ಅವನು ಬಾಯಿಬಿಟ್ಟು ಕೇಳಲಿಲ್ಲ, ನಾನೂ ಹೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ನಾನು ಎಂಸಿಎ ಓದಿದ ವರ್ಷಗಳಲ್ಲಿ ಫೀಸು ಬಂದದ್ದು ಈ ಎಂಜಿನ್ನಿನಿಂದ. ಅವನು ಪಿಯುಸಿ ಬಿಟ್ಟದ್ದೂ ಇದಕ್ಕಾಗಿ.

ಜೂನ್ ಮಧ್ಯದಲ್ಲಿ ಊರಿಗೆ ಹೋದೆ. ಎಂಜಿನ್ ರೂಮಿನ ಹಲಗೆಯ ಮೇಲೆ ಅಪ್ಪ ಹೊಸತರಲ್ಲಿ ಕೆಂಪು ಪೇಂಟಿನಲ್ಲಿ ಬರೆದದ್ದು ಇನ್ನೂ ಇತ್ತು: ಫುಲ್ 1800, ಎಣ್ಣೆ 50, ನೀರು 75. ನಮ್ಮ ಆಫೀಸಿನಲ್ಲಿ ಸರ್ವರ್ ನಿಧಾನವಾದರೆ ಮೊದಲು ಕೇಳುವುದು, ಚೆನ್ನಾಗಿದ್ದಾಗ ಎಷ್ಟಿತ್ತು ಅಂತ. ಮುಕ್ಕಾಲು ಪಾಲು ಸಲ ಯಾರೂ ಬರೆದಿಟ್ಟಿರುವುದಿಲ್ಲ. ಏಳನೇ ಕ್ಲಾಸಿನ ಅಪ್ಪ ಬರೆದಿಟ್ಟಿದ್ದ.

ಮೇ ತಿಂಗಳಲ್ಲಿ ಸಮುದ್ರದಲ್ಲಿ ಸಿಗುತ್ತಿದ್ದದ್ದು 1550. ಕೇಳಲಿಕ್ಕೆ 250 ಸುತ್ತು ಕಡಿಮೆ, ಅಷ್ಟೇ ಅನಿಸುತ್ತದೆ. ಆದರೆ ನೀರಿನಲ್ಲಿ ತಿರುಗುವ ಫ್ಯಾನಿಗೆ ಬೇಕಾದ ಶಕ್ತಿ ಹೆಚ್ಚುಕಡಿಮೆ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. 1800ರಲ್ಲಿ ನೂರು ಎಂದಿಟ್ಟುಕೊಂಡರೆ 1550ರಲ್ಲಿ ಸುಮಾರು 64. ಅಂದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಗಿದೆ. ಇದನ್ನು ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದಾಗ ಅಣ್ಣ ಸುಮ್ಮನಾದ.

ಬೋಟಿನ ಅಡಿ ಕೆರೆದು ಬಣ್ಣ ಹಚ್ಚಿ ಆಗಿತ್ತು, ಚಿಪ್ಪು ಕಚ್ಚಿಕೊಂಡು ಭಾರವಾಗಿದೆ ಎನ್ನುವಂತಿಲ್ಲ. ಫ್ಯಾನು ಬದಲಾಯಿಸಿಲ್ಲ, ಎಲೆ ಬಾಗಿಲ್ಲ. ದಕ್ಕೆಗೆ ಗಟ್ಟಿಯಾಗಿ ಕಟ್ಟಿ ಪೂರಾ ಕೊಟ್ಟೆವು: 1320. ಕಟ್ಟಿದಲ್ಲಿ ಯಾವಾಗಲೂ ಕಡಿಮೆಯೇ ಬರುತ್ತದೆ, ಆದರೆ ಮುಂದಿನ ಸಲ ಹೋಲಿಸಲಿಕ್ಕೆ ಒಂದು ಅಂಕೆ ಸಿಕ್ಕಿತು. ನ್ಯೂಟ್ರಲ್‌ನಲ್ಲಿ ಮಾತ್ರ ಸಲೀಸಾಗಿ ಏರುತ್ತಿತ್ತು. ಆಮೇಲೆ ಪಂಪಿಗೂ ಎಂಜಿನ್ನಿಗೂ ಸೇರಿಸಿ ಒಂದು ಗೆರೆ ಗುರುತು ಮಾಡಿ ಪಂಪು, ಇಂಜೆಕ್ಟರ್ ಬಿಚ್ಚಿದೆವು. ಈ ಗುರುತು ಮಾಡದೆ ಬಿಚ್ಚಿದರೆ ಮರಳಿ ಕೂರಿಸುವಾಗ ಟೈಮಿಂಗ್ ತಪ್ಪಿ ಇನ್ನೊಂದು ಕಾಯಿಲೆ ಅಂಟುತ್ತದೆ. ತೊಳೆದು ಒಣಗಿಸಿ, ಹಳೆ ಲುಂಗಿಯಲ್ಲಿ ಸುತ್ತಿ, ಮತ್ಸ್ಯಗಂಧದಲ್ಲಿ ಸೀಟಿನಡಿ ಇಟ್ಟುಕೊಂಡು ಠಾಣೆಯವರೆಗೆ ಬಂದೆ. ಎದುರು ಸೀಟಿನ ಹೆಂಗಸು ರಾತ್ರಿಯಿಡೀ ಮೂಗಿಗೆ ಸೆರಗು ಹಿಡಿದೇ ಇದ್ದರು.

ಪಂಪನ್ನು ನಾಸಿಕ್‌ನಲ್ಲೇ ತೋರಿಸಬಹುದಿತ್ತು. ಆದರೆ ನನಗೆ ಕಾಕಾ ನೆನಪಾದರು. ನಾಸಿಕ್‌ಗೆ ಬರುವ ಮುಂಚೆ ನಾಲ್ಕು ವರ್ಷ ನಾನು ಛತ್ರಪತಿ ಸಂಭಾಜಿನಗರದಲ್ಲಿದ್ದೆ, ಆಗಿನ್ನೂ ಔರಂಗಾಬಾದ್. ಕಾಕಾ ಪಕ್ಕದ ಗಲ್ಲಿಯವರು, ಮೂಲ ಬಸವಕಲ್ಯಾಣ. ಅವರ ತಂದೆ ಕೆಲಸ ಹುಡುಕಿ ಬಂದಾಗ ಬೀದರ್, ಔರಂಗಾಬಾದ್ ಎರಡೂ ಹೈದರಾಬಾದ್ ರಾಜ್ಯದೊಳಗೇ ಇದ್ದವು. 1956ರಲ್ಲಿ ರಾಜ್ಯ ಒಡೆದಾಗ ಇವರು ಕೂತಲ್ಲೇ ಹೊರರಾಜ್ಯದವರಾದರು. ನಲವತ್ತು ವರ್ಷ ಡೀಸೆಲ್ ಪಂಪ್ ಕೆಲಸ ಮಾಡಿದ್ದಾರೆ. ಈಗ ನಿವೃತ್ತರು, ಆದರೆ ಶಿಷ್ಯನ ಅಂಗಡಿಯಲ್ಲಿ ಅವರ ಸ್ಟೂಲ್ ಹಾಗೇ ಇದೆ.

ಶನಿವಾರ ಬೆಳಿಗ್ಗೆ ಯೇವಲಾ, ವೈಜಾಪುರದ ದಾರಿಯಲ್ಲಿ ಸುಮಾರು 180 ಕಿಲೋಮೀಟರ್ ಕಾರು ಓಡಿಸಿ ಅಲ್ಲಿಗೆ ತಲುಪಿದೆ. ಕಾಕಾ ಪಂಪನ್ನು ಮುಟ್ಟಲಿಲ್ಲ, ಮೊದಲು ಚಾ ತರಿಸಿದರು.

"ಹೊಗಿ ಯಾವ ಬಣ್ಣದ್ದದ ತಮ್ಮಾ?"

ಕಪ್ಪು ಅಂದೆ. ಬಿಳಿಯಾದರೆ ಡೀಸೆಲ್ ಉರಿಯದೆ ಹೋಗುತ್ತಿದೆ, ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಗಾಳಿಗಿಂತ ಡೀಸೆಲ್ ಹೆಚ್ಚಾಗಿದೆ. ಇಷ್ಟು ನಾನೂ ಓದಿಕೊಂಡು ಹೋಗಿದ್ದೆ. ಅವರ ಎರಡನೇ ಪ್ರಶ್ನೆ ನಾನು ಎಲ್ಲೂ ಓದಿರಲಿಲ್ಲ.

"ಇದಕ್ಕ ಗೇರ್ ಎಷ್ಟು?"

ಮುಂದಕ್ಕೊಂದು, ಹಿಂದಕ್ಕೊಂದು ಅಂದೆ. ಕಾಕಾ ಸಮುದ್ರದ ಬೋಟು ಕಂಡವರಲ್ಲ, ಅವರು ಕಂಡ ದೊಡ್ಡ ನೀರು ಪೈಠಣದ ಜಾಯಕವಾಡಿ ಅಣೆಕಟ್ಟಿನದ್ದು. ಸ್ವಲ್ಪ ಯೋಚಿಸಿ, "ಅಂದ್ರ ಇದು ಜೀವಮಾನ ಪೂರ್ತಿ ಟಾಪ್ ಗೇರಿನಾಗ ಕನ್ನಡ ಘಾಟ್ ಹತ್ತಿದಂಗ" ಅಂದರು. ಹೊರಗಿನವರಿಗೆ ಒಂದು ಮಾತು: ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನ ತಾಲ್ಲೂಕೇ ಇದೆ, ಚಾಳೀಸಗಾಂವ್ ಕಡೆ ಇಳಿಯುವ ಘಾಟಿಗೂ ಅದೇ ಹೆಸರು. ಹೊಸದಾಗಿ ಬಂದಾಗ ಬಸ್ಸಿನ ಬೋರ್ಡಿನಲ್ಲಿ ಅದನ್ನು ಓದಿ ನಾನು ಹಿಗ್ಗಿದ್ದೆ. ಕಾಕಾ ಹೇಳಿದ ಹೋಲಿಕೆ ಸರಿಯಾಗಿಯೇ ಇದೆ. ಲಾರಿ ಸೋತರೆ ಡ್ರೈವರ್ ಗೇರ್ ಇಳಿಸಿ ಎಂಜಿನ್ನಿಗೆ ಉಸಿರು ಕೊಡುತ್ತಾನೆ. ಬೋಟಿಗೆ ಆ ದಾರಿಯಿಲ್ಲ, ಇರುವ ಶಕ್ತಿಯಲ್ಲೇ ತೆರೆ ಹತ್ತಬೇಕು.

ಆಮೇಲೆ ಬೆಂಚಿಗೆ ಹಾಕಿದರು. ಒಂದೊಂದೇ ಇಂಜೆಕ್ಟರನ್ನು ಕೈಪಂಪಿಗೆ ಕಚ್ಚಿಸಿ ಒತ್ತಿದರೆ ಸರಿಯಿದ್ದದ್ದು ಕರ್ರ್ ಎಂದು ಸದ್ದು ಮಾಡಿ ಮಂಜಿನಂತೆ ಉಗುಳುತ್ತದೆ. ಆರರಲ್ಲಿ ನಾಲ್ಕು ಹಾಗೆ ಮಾಡಿದವು. ಉಳಿದೆರಡು ಸದ್ದಿಲ್ಲದೆ ಸುರಿಸಿದವು, ತುದಿಯಲ್ಲಿ ಹನಿ ನಿಂತಿತು. ನಾಜಲಿನೊಳಗಿನ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಎರಡು–ಮೂರು ಮೈಕ್ರಾನ್, ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲೂ ಇಲ್ಲ. ಡೀಸೆಲ್ ಜೊತೆ ಒಂದಿಷ್ಟು ನೀರು ಸೇರಿದರೆ ಸಾಕು, ತುಕ್ಕು ಹಿಡಿಯಲಿಕ್ಕೆ. ಮಳೆ, ಉಪ್ಪುಗಾಳಿ ಎರಡೂ ಇರುವ ಊರು ನಮ್ಮದು.

ಪಂಪಿನ ಪರೀಕ್ಷೆ ನೋಡಲಿಕ್ಕೇ ಚೆಂದ. ಆರು ಗಾಜಿನ ಕೊಳವೆ, ಪಂಪು ತಿರುಗಿದಂತೆ ಆರಕ್ಕೂ ಡೀಸೆಲ್ ಬೀಳುತ್ತದೆ, ಆರೂ ಒಂದೇ ಮಟ್ಟದಲ್ಲಿ ನಿಲ್ಲಬೇಕು. ನಮ್ಮದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು, ಆದರೆ ಇರಬೇಕಾದದ್ದಕ್ಕಿಂತ ಮೇಲೆ. ಕಾಕಾ ಒಂದು ಸ್ಕ್ರೂ ತೋರಿಸಿದರು, ಅದರ ಸೀಲ್ ಇರಲಿಲ್ಲ.

ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಎಳಿತಿಲ್ಲೆ ಅಂದೇಳಿ ಮೇ ತಿಂಗ್ಳಗೆ ಒಬ್ರ ಹತ್ರ ಸ್ವಲ್ಪ ತಿರ್ಪ್ಸಿದ್ದೆ" ಅಂದ. ಎಲ್ಲರೂ ಮಾಡುವುದು ಅದನ್ನೇ. ಶಕ್ತಿ ಕಡಿಮೆಯಾದರೆ ಡೀಸೆಲ್ ಹೆಚ್ಚು ಕೊಡು. ಗಾಳಿ ಸಾಲದ ಎಂಜಿನ್ನಿಗೆ ಅದು ಹೊಗೆಯಾಗಿ, ಬಿಸಿಯಾಗಿ ಹೋಗುತ್ತದೆ. ಹಾಗೇ ಓಡಿಸಿದ್ದರೆ ಪಿಸ್ಟನ್ ಸುಡುತ್ತಿತ್ತು, ಆಗ ಹನ್ನೊಂದು ಲಕ್ಷದ ಮಾತಿಗೆ ಎದುರಾಡಲು ಏನೂ ಉಳಿಯುತ್ತಿರಲಿಲ್ಲ.

ಸ್ಕ್ರೂ ಹಿಂದಕ್ಕೆ ಬಂತು, ಸೀಲ್ ಬಿತ್ತು, ಆರೂ ನಾಜಲ್ ಹೊಸವು. ಜುಲೈ ಮೊದಲ ವಾರ ಪಂಪು ಮತ್ತೆ ರೈಲು ಹತ್ತಿತು. ಗೆರೆಗೆ ಗೆರೆ ಕೂಡಿಸಿ ಕೂರಿಸಿ, ದಕ್ಕೆಗೆ ಕಟ್ಟಿ ಪೂರಾ ಕೊಟ್ಟರೆ 1390. ಎಪ್ಪತ್ತು ಸುತ್ತು ಹೆಚ್ಚಿತು, ಹೊಗೆ ಕಡಿಮೆಯಾಯಿತು, ನಿಲ್ಲಲಿಲ್ಲ. ನಾನು ನಿಜವಾಗಿ ಕುಸಿದದ್ದು ಆ ದಿನ. ಸಾಲದ ಅರ್ಜಿ ಅರ್ಧ ತುಂಬಿಸಿಟ್ಟದ್ದು ಮೊಬೈಲಿನಲ್ಲೇ ಇತ್ತು.

ಕಾಕಾನಿಗೆ ಫೋನ್ ಹಚ್ಚಿದೆ. ಅವರು ಅಣ್ಣನನ್ನೂ ಸೇರಿಸು ಅಂದರು. ಕುಂದಾಪುರ ಕನ್ನಡ, ಬೀದರ್ ಕನ್ನಡ, ನಡುವೆ ಅಗತ್ಯ ಬಿದ್ದಲ್ಲಿ ನಾನು ದುಭಾಷಿ.

"ಎಂಜಿನ್ ಫುಲ್ ಇದ್ದಾಗ ಮ್ಯಾಲಿನ ಹಲಗಿ ಎತ್ತಲಿಕ್ಕ ಬಿಗಿ ಆಗ್ತದೇನು?"

ಅಣ್ಣ ಹೌದು ಅಂದ. ಬೋಟಿನ ಹುಡುಗರು ಅದನ್ನು ಎಳೆದು ಎಳೆದು ಬೈಯುತ್ತಿದ್ದರಂತೆ, ಹಲಗೆ ಮಳೆಗೆ ಉಬ್ಬಿದೆ ಅಂತ.

"ಉಬ್ಬಿಲ್ಲೋ ಅದು, ಎಂಜಿನ್ನ ಕೆಳಗ ಜಗ್ಲಿಕ್ಕತ್ತದ. ಹಲಗಿ ತಗದು ಓಡಿಸಿ ನೋಡ್ರಿ."

ಲೆಕ್ಕ ಸರಳ. ಆರೂವರೆ ಲೀಟರಿನ ನಾಲ್ಕು ಸ್ಟ್ರೋಕಿನ ಎಂಜಿನ್ 1800 ಸುತ್ತಿನಲ್ಲಿ ನಿಮಿಷಕ್ಕೆ ಐದು ಸಾವಿರ ಲೀಟರ್ ಗಾಳಿ ಕುಡಿಯುತ್ತದೆ. ನಮ್ಮದು ಅದನ್ನು ಎಂಜಿನ್ ರೂಮಿನಿಂದಲೇ ಎಳೆಯುತ್ತದೆ. ರೂಮಿಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದಾಗ ಅಣ್ಣ ತಡವರಿಸಿದ. ಎರಡು ವರ್ಷದ ಹಿಂದೆ ಅಳಿವೆಯಲ್ಲಿ ತೆರೆ ಹೊಡೆದು ಪಕ್ಕದ ಗಾಳಿಕಂಡಿಯಿಂದ ನೀರು ನುಗ್ಗಿ ಬ್ಯಾಟರಿ ಒದ್ದೆಯಾಗಿತ್ತು, ನಡುನೀರಿನಲ್ಲಿ ಎಂಜಿನ್ ನಿಲ್ಲುವುದರಲ್ಲಿತ್ತು. ಆಮೇಲೆ ಫೈಬರ್ ಹಚ್ಚಿಸುವಾಗ ಅವನೇ ಮುಂದೆ ನಿಂತು ಎರಡೂ ಕಂಡಿ ಮುಚ್ಚಿಸಿದ್ದ. ಜನರ ಜೀವ ನೋಡಿ ಮಾಡಿದ ಕೆಲಸ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಹಲಗೆ ತೆಗೆದು, ದಕ್ಕೆಗೆ ಕಟ್ಟಿ ಓಡಿಸಿದರು: 1470. ಮುಚ್ಚಿದಾಗ ರೂಮಿನೊಳಗೆ 60 ಡಿಗ್ರಿ, ಹೊರಗೆ 28. ಅಷ್ಟು ಬಿಸಿಯಾದ ಗಾಳಿ ಹತ್ತರಲ್ಲಿ ಒಂದು ಪಾಲು ತೆಳುವಾಗಿರುತ್ತದೆ. ಅದೂ ಸಾಕಷ್ಟು ಒಳಗೆ ಬರುತ್ತಿರಲಿಲ್ಲ.

ಹಾಗಂತ ಹಳೆಯ ಕಂಡಿ ತೆರೆಯುವಂತಿಲ್ಲ, ಹಲಗೆ ತೆಗೆದು ಅಳಿವೆ ದಾಟುವುದಂತೂ ದೂರದ ಮಾತು. ಅಣ್ಣನೇ ದಾರಿ ಹುಡುಕಿದ. ಎರಡು ದಪ್ಪ ಪೈಪು ಕ್ಯಾಬಿನ್ನಿನ ಎತ್ತರಕ್ಕೆ ಒಯ್ದು, ಕೊಕ್ಕರೆ ಕುತ್ತಿಗೆ ಹಾಗೆ ಬಗ್ಗಿಸಿ, ಬಾಯಿ ಹಿಂದಕ್ಕೆ ಮತ್ತು ಕೆಳಕ್ಕೆ ಮಾಡಿಸಿದ. ಒಂದು ಹೊಸ ಗಾಳಿ ತರಲಿಕ್ಕೆ ಬಿಲ್ಜಿನ ತನಕ ಇಳಿಯುತ್ತದೆ, ಇನ್ನೊಂದು ಮೇಲಿನ ಬಿಸಿ ಗಾಳಿ ಹೋಗಲಿಕ್ಕೆ. ಜೊತೆಗೆ ಡೀಸೆಲ್ ಲೈನಿಗೆ ನೀರು ಬೇರ್ಪಡಿಸುವ ಒಂದು ಬಟ್ಟಲು. ಎಲ್ಲ ಸೇರಿ ಮೂವತ್ತೆಂಟು ಸಾವಿರ ಆಯಿತು, ನಾಜಲ್, ಬೆಂಚಿನ ಕೂಲಿ, ನನ್ನ ಪೆಟ್ರೋಲ್ ಬಿಟ್ಟು. ಕಾಕಾ ತಮ್ಮ ಪಾಲಿನ ದುಡ್ಡು ತೆಗೆದುಕೊಳ್ಳಲಿಲ್ಲ, ಒಣ ಸಿಗಡಿ ಕೇಳಿದರು. ಮನೆಯಲ್ಲಿ ಯಾರೂ ತಿನ್ನುವುದಿಲ್ಲವಂತೆ, ಅಂಗಡಿಯಲ್ಲೇ ಹುರಿದುಕೊಳ್ಳುತ್ತಾರಂತೆ.

ಆಗಸ್ಟ್ ಎರಡನೇ ವಾರ, ಸಮುದ್ರ ಸ್ವಲ್ಪ ಇಳಿದ ಮೇಲೆ, ಬೆಳಗಿನ ಜಾವ ಐದಕ್ಕೆ ವಾಯ್ಸ್ ಮೆಸೇಜ್ ಬಂತು. ಹತ್ತು ಸೆಕೆಂಡ್ ಬರೀ ಎಂಜಿನ್ನಿನ ಸದ್ದು. ಆಮೇಲೆ ಅಣ್ಣ ಕೂಗಿ ಹೇಳಿದ್ದು: "ಅಳಿವೆ ದಾಟ್ತ್. ಸಾವ್ರದ್ ಏಳ್ನೂರ ಅರ್ವತ್ತ್."

ಅದನ್ನು ಕಾಕಾನಿಗೆ ಕಳಿಸಿದೆ. ಎರಡು ಸಲ ಕೇಳಿದರಂತೆ. ಸಂಜೆ ಫೋನ್ ಮಾಡಿ, ಉಳಿದ ನಲವತ್ತು ಎಲ್ಲಿ ಹೋಯಿತು ಎಂದು ಕೇಳಿದರು. ಅಣ್ಣನನ್ನು ಕೇಳಿದೆ.

"ಅದ್ ವಯಸ್ಸಿಂದ್, ಬಿಡುಕ್ ಹೇಳ್" ಅಂದ.