ಬುಧವಾರದ ಮನೆ

ನನ್ನ ಮೊಮ್ಮಗಳು ಒಂದು ಸೆಮಿಸ್ಟರ್ ಓದಲು ಜರ್ಮನಿಗೆ ಹೋಗಿದ್ದಳು. ಹಾಸ್ಟೆಲ್ ಅಲ್ಲ, ಅಲ್ಲಿನ ಒಂದು ಕುಟುಂಬದ ಜೊತೆ ವಾಸ. ಮೊದಲ ವಾರವೇ ಫೋನಿನಲ್ಲಿ ಅತ್ತಳು. "ಅಜ್ಜ, ಇಲ್ಲಿ ರಾತ್ರಿ ಬಿಸಿ ಅಡುಗೆ ಇಲ್ಲ. ಬ್ರೆಡ್ಡು, ಚೀಸು ಅಷ್ಟೆ. ಇನ್ನೂ ಬೇಕಾ ಅಂದರೆ ನಾಚಿಕೆಯಾಗಿ ಸಾಕು ಅಂದುಬಿಡ್ತೇನೆ. ಆಮೇಲೆ ಹಸಿವು!"

ನನಗೆ ನಗು ಬಂತು, ಕಣ್ಣೂ ತೇವವಾಯಿತು.

ಮಕ್ಕಳೇ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿದ ಮೇಲೆ ನಮ್ಮ ತುಮರಿ ದ್ವೀಪದಂತಾಯಿತು. ಸೇತುವೆ ಬಂದದ್ದು 2025ರಲ್ಲಿ. ನಮ್ಮ ಕಾಲಕ್ಕೆ ಬಿ.ಕಾಂ. ಓದಬೇಕೆಂದರೆ ಹೊಳೆ ದಾಟಿ ಸಾಗರದಲ್ಲೇ ಇರಬೇಕಿತ್ತು. ನನ್ನದು ವಾರಾನ್ನ. ಅಂದರೆ ದಿನಕ್ಕೊಂದು ಮನೆಯಂತೆ, ವಾರಕ್ಕೆ ಏಳು ಮನೆ ಊಟ. ನಾನೂ ಎಲ್ಲೆಡೆ "ಸಾಕು" ಎನ್ನುತ್ತಿದ್ದೆ. ಬುಧವಾರದ ಮನೆಯ ಅಮ್ಮ ಮಾತ್ರ ಆ ಮಾತು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಹೊಟ್ಟೆ ತುಂಬ ಉಣ್ಣು ಮಾಣಿ" ಎಂದು ಇನ್ನೊಂದು ಸೌಟು ಅನ್ನ ಬಡಿಸಿ, ಮೇಲೆ ತಂಬುಳಿ ಹೊಯ್ಯುತ್ತಿದ್ದರು.

ಪಾಸಾದೆ. ಬ್ಯಾಂಕ್ ಕೆಲಸ ಸಿಕ್ಕಿತು. ಊರೂರಿಗೆ ವರ್ಗವಾಯಿತು. ಮುಂದಿನ ರಜೆಗೆ ಹೋಗಿ ಕಂಡುಬರೋಣ ಅಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಕೊನೆಗೂ ಹೋದಾಗ ಆ ಅಮ್ಮ ಇರಲಿಲ್ಲ. ಪೈಸೆ ಲೆಕ್ಕ ತಪ್ಪದ ಗುಮಾಸ್ತ, ಆ ಸಾಲ ಮಾತ್ರ ಹಾಗೇ ಉಳಿಸಿಕೊಂಡೆ.

ಮೊಮ್ಮಗಳಿಗೆ ಇದೆಲ್ಲ ಹೇಳಿದೆ. "ಹಸಿವಾದರೆ ಕೇಳು ಪುಟ್ಟಿ. ಹೊರಡುವ ಮೊದಲು, ನಿಮ್ಮ ಮನೆಯ ಊಟ ಮರೆಯುವುದಿಲ್ಲ ಅಂತ ಅವರ ಎದುರೇ ಹೇಳಿ ಬಾ."

ಹೊರಡುವ ದಿನ ಆ ತಾಯಿಯ ಕೈ ಹಿಡಿದು, ಅವರ ಭಾಷೆಯಲ್ಲೇ ಹೇಳಿದಳಂತೆ. ಅವರು ದಾರಿಗೆಂದು ಒಂದು ಪೊಟ್ಟಣ ಬ್ರೆಡ್ಡು ಕಟ್ಟಿಕೊಟ್ಟರಂತೆ.