ಪರವೂರಿನಲ್ಲಿ ಡಿಸೆಂಬರ್ ರಜೆ



"ನಿಮ್ಮ ಊರು ಯಾವುದು?" ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ಹುಟ್ಟಿದ್ದು ಠಾಣೆಯಲ್ಲಿ, ಕಲಿತದ್ದು ಡೊಂಬಿವಲಿಯಲ್ಲಿ, ಕ್ರಿಕೆಟ್ ಆಡಿದ್ದು ಸೊಸೈಟಿಯ ಅಂಗಳದಲ್ಲಿ. ಆದರೂ ಬಾಯಿಗೆ ಬರುವುದು ಉಡುಪಿ, ಕಾರ್ಕಳ, ಕುಂದಾಪುರ, ಕುಮಟಾ ಅಥವಾ ವಿಜಯಪುರದ ಬಳಿಯ ಯಾವುದೋ ಒಂದು ಹಳ್ಳಿಯ ಹೆಸರು. ಆ ಹಳ್ಳಿಗೆ ಹೋದರೆ ಅಲ್ಲಿಯವರು "ಬೊಂಬಾಯಿಯವರು ಬಂದರು" ಎನ್ನುತ್ತಾರೆ. ಇಲ್ಲಿ ಕಾಲೇಜಿನ ಗೆಳೆಯರು "ಏ ಅಣ್ಣಾ" ಎಂದು ಕರೆದು, ನಿಮ್ಮ ಮನೆಯಲ್ಲಿ ಮೂರು ಹೊತ್ತೂ ಇಡ್ಲಿ ಸಾಂಬಾರೇ ಎಂದುಕೊಂಡಿರುತ್ತಾರೆ. ಅಲ್ಲಿಯೂ ನೆಂಟರು, ಇಲ್ಲಿಯೂ ನೆಂಟರು! ನಿಮ್ಮ ತಂದೆ ತಾಯಂದಿರಿಗೆ ಪರವೂರು ಒಂದೇ ಇತ್ತು. ನಿಮಗೆ ಎರಡು.

ಮೇ ತಿಂಗಳ ರಜೆ ಅಜ್ಜಿ ಮನೆಗೆ ಮೀಸಲು. ಆದರೆ ಡಿಸೆಂಬರ್ ಕೊನೆಯ ರಜೆ ಚಿಕ್ಕದು. ಊರಿಗೆ ಹೋಗಿ ಬರಲು ದಿನ ಸಾಲದು, ಹೋಗೋಣವೆಂದರೆ ರೈಲಿನ ಟಿಕೆಟೂ ಸಿಗದು. ಹೀಗಾಗಿ ಆ ದಿನಗಳು ಮಾಲಿನಲ್ಲಿ ಮತ್ತು ಮೊಬೈಲಿನಲ್ಲಿ ಕರಗಿಹೋಗುತ್ತವೆ. ಈ ಸಲ ಒಂದು ಕೆಲಸ ಮಾಡಿ. ಮೂರು ನಾಲ್ಕು ಗೆಳೆಯ ಗೆಳತಿಯರನ್ನು ಕೂಡಿಸಿಕೊಳ್ಳಿ. ಕನ್ನಡದವರೇ ಆಗಬೇಕೆಂದಿಲ್ಲ, ಒಬ್ಬ ಮರಾಠಿ, ಒಬ್ಬ ಸಿಂಧಿ, ಒಬ್ಬ ಮಲಯಾಳಿ ಇದ್ದರೆ ಇನ್ನೂ ಚೆಂದ. ದಿನಕ್ಕೊಂದು ಊರಿನಂತೆ ನಾಲ್ಕು ದಿನ ನಮ್ಮದೇ ನಾಲ್ಕು ಊರುಗಳನ್ನು ನೋಡಿ ಬನ್ನಿ. ಬೇಸಿಗೆಯಲ್ಲಿ ಇಲ್ಲಿ ನಡೆದಾಡುವುದು ಶಿಕ್ಷೆ, ಮಳೆಗಾಲದಲ್ಲಿ ಸಾಹಸ. ಇಲ್ಲಿಯವರು ಗುಲಾಬಿ ಥಂಡಿ ಎಂದು ಕರೆಯುವ ಈ ಕೆಲವೇ ವಾರಗಳಲ್ಲಿ ಅದು ಸುಖ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಳ್ಳಾಗಲಿ.

ಮೊದಲ ದಿನ: ಠಾಣೆ

ಬೆಳಗಿನ ನೂಕುನುಗ್ಗಲು ಮುಗಿದ ಮೇಲೆ ಹೊರಡಿ. ಠಾಣೆ ಸ್ಟೇಷನ್ನಿನಲ್ಲಿ ಇಳಿದಾಗ ಒಂದು ಕ್ಷಣ ನಿಂತು ನೆನೆಯಿರಿ. 1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ಇದೇ ಊರಿನಲ್ಲಿ. 34 ಕಿಲೋಮೀಟರ್ ದಾರಿ, 14 ಡಬ್ಬಿ, ಸುಮಾರು 400 ಜನ, ಎಳೆಯಲು ಮೂರು ಎಂಜಿನ್. ನೀವು ದಿನವೂ ಬಾಗಿಲಲ್ಲಿ ನೇತಾಡಿಕೊಂಡು ಹೋಗುವ ಲೋಕಲ್ಲಿನ ಮೂಲಪುರುಷ ಅದು.

ಸ್ಟೇಷನ್ನಿನಿಂದ ಕಾಲ್ನಡಿಗೆಯ ದೂರದಲ್ಲೇ ಮಾಸುಂದಾ ಕೆರೆ ಇದೆ. ಜನ ಅದನ್ನು ತಲಾವ್ ಪಾಳಿ ಎನ್ನುತ್ತಾರೆ. ಅದರ ದಡದಲ್ಲಿ ಕೌಪಿನೇಶ್ವರ ಗುಡಿ. ಗುಡಿಯ ಮೂಲ ಶಿಲಾಹಾರ ಅರಸರ ಕಾಲದ್ದು. ಈಗ ಕಾಣುವ ಕಟ್ಟಡ 1760ರಲ್ಲಿ ಮರಾಠರ ಆಡಳಿತದಲ್ಲಿ ಜೀರ್ಣೋದ್ಧಾರವಾದದ್ದು. ಅನತಿ ದೂರದಲ್ಲಿ ಪೋರ್ಚುಗೀಸರ ಕಾಲದ ಇಗರ್ಜಿ. 1737ರಲ್ಲಿ ಮರಾಠರು ಪೋರ್ಚುಗೀಸರಿಂದ ಗೆದ್ದುಕೊಂಡ ಠಾಣೆಯ ಕೋಟೆ ಇಂದು ಸೆರೆಮನೆ.

ಶಿಲಾಹಾರರ ವಿಷಯ ಬಂತಲ್ಲ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸುಮಾರು 9ನೇ ಶತಮಾನದಿಂದ 13ನೇ ಶತಮಾನದವರೆಗೆ ಉತ್ತರ ಕೊಂಕಣವನ್ನು ಆಳಿದವರು ಇವರು. ಠಾಣೆಯನ್ನು ಆಗ ಶ್ರೀಸ್ಥಾನಕ ಎನ್ನುತ್ತಿದ್ದರು. ಇವರು ಮೊದಲಿಗೆ ರಾಷ್ಟ್ರಕೂಟರ ಸಾಮಂತರು. ಬೋರಿವಲಿಯ ಕಡೆಯಿಂದ ಹೋಗಬೇಕಾದ ಕಾನ್ಹೇರಿ ಗುಹೆಗಳನ್ನು ನೀವು ಶಾಲೆಯ ಪಿಕ್‌ನಿಕ್ಕಿನಲ್ಲಿ ನೋಡಿರಬಹುದು. ಅಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅರಸ ಅಮೋಘವರ್ಷನ ಹೆಸರಿದೆ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ್ದು ಇದೇ ಅಮೋಘವರ್ಷನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಶಿಲಾಹಾರರ ತಾಮ್ರಪಟಗಳು ಸಂಸ್ಕೃತದಲ್ಲಿವೆ. ಆದರೆ ಅವರು ಧರಿಸಿದ ಬಿರುದುಗಳಲ್ಲಿ 'ನನ್ನಿಸಮುದ್ರ' ಎಂಬುದೊಂದಿದೆ. ಹಳಗನ್ನಡದಲ್ಲಿ ನನ್ನಿ ಎಂದರೆ ಸತ್ಯ. ಅವರ ಮಂತ್ರಿಗಳಲ್ಲಿ ಹಲವರ ಹೆಸರು 'ಅಯ್ಯ' ಎಂದು ಮುಗಿಯುತ್ತದೆ. ಒಬ್ಬ ಅರಸನ ಹೆಸರೇ ಅರಿಕೇಸರಿ. ನಮ್ಮ ಪಂಪ ಮಹಾಕವಿಗೆ ಆಶ್ರಯ ಕೊಟ್ಟ ಚಾಲುಕ್ಯ ಅರಸನ ಹೆಸರೂ ಅದೇ. ಹಾಗೆಂದು "ಈ ನೆಲ ನಮ್ಮದಾಗಿತ್ತು" ಎಂದು ಮರಾಠಿ ಗೆಳೆಯನ ಜೊತೆ ಜಗಳಕ್ಕೆ ನಿಲ್ಲಬೇಡಿ! ಅದು ಈ ಮಾತಿನ ಅರ್ಥವಲ್ಲ. ಜನರೂ ಭಾಷೆಗಳೂ ಇಲ್ಲಿ ಸಾವಿರ ವರ್ಷಗಳಿಂದ ಹೋಗಿ ಬಂದು ಮಾಡುತ್ತಿವೆ. ಈ ಬೀದಿಗಳಲ್ಲಿ ಕನ್ನಡದ ಮಾತು ಕೇಳಿಬಂದದ್ದು ನಿಮ್ಮ ತಂದೆಯವರಿಂದಲೇ ಮೊದಲಲ್ಲ, ಅಷ್ಟೇ.

ಮಧ್ಯಾಹ್ನ ಹಸಿವಾದರೆ ಠಾಣೆಯ ಪ್ರಸಿದ್ಧ ಮಾಮಲೇದಾರ್ ಮಿಸಳ್ ಇದೆ. ಖಾರ ತಡೆಯದವರು ಮೊದಲೇ ಹೇಳಿಬಿಡಿ.

ಎರಡನೆಯ ದಿನ: ಕಲ್ಯಾಣ

ಚಿಕ್ಕವರಿಗೆ ಒಂದು ಗೊಂದಲ ಸಹಜ. ಬಸವಣ್ಣನವರ ಕಲ್ಯಾಣ ಇದಲ್ಲ. ಅದು ಬೀದರ್ ಜಿಲ್ಲೆಯ ಬಸವಕಲ್ಯಾಣ. ನಮ್ಮ ಈ ಕಲ್ಯಾಣವೂ ಕಡಿಮೆಯದಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ ಕಡಲ ವ್ಯಾಪಾರದ ಕೈಪಿಡಿ 'ಪೆರಿಪ್ಲಸ್'ನಲ್ಲಿ ಈ ಬಂದರಿನ ಹೆಸರು ಬರುತ್ತದೆ. 1657ರಲ್ಲಿ ಕಲ್ಯಾಣವನ್ನು ಗೆದ್ದ ಶಿವಾಜಿ ಮಹಾರಾಜರು ಖಾಡಿಯ ದಡದಲ್ಲಿ ದುರ್ಗಾಡಿ ಕೋಟೆ ಕಟ್ಟಿಸಿ, ಹಡಗು ಕಟ್ಟುವ ಕೆಲಸಕ್ಕೂ ಇಲ್ಲಿಯೇ ಕೈ ಹಾಕಿದರು. ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಪದವಿ ಪಡೆದ ಭಾರತದ ಮೊದಲ ಮಹಿಳೆಯರಲ್ಲಿ ಒಬ್ಬರಾದ ಆನಂದಿಬಾಯಿ ಜೋಶಿ 1865ರಲ್ಲಿ ಹುಟ್ಟಿದ್ದು ಕಲ್ಯಾಣದಲ್ಲಿ. ಅವರು ಕಡಲು ದಾಟಿ ಅಮೆರಿಕಕ್ಕೆ ಹೋದಾಗ ಅವರ ವಯಸ್ಸು ಹದಿನೆಂಟು. ಪರವೂರಿನ ಚಳಿಗಾಲ ಹೇಗಿರುತ್ತದೆಂದು ಅವರಿಗಿಂತ ಚೆನ್ನಾಗಿ ತಿಳಿದವರು ಯಾರು?

ಕಲ್ಯಾಣದಿಂದ ಕರ್ಜತ್ ಕಡೆಯ ಲೋಕಲ್ ಹಿಡಿದು ಅಂಬರನಾಥದಲ್ಲಿ ಇಳಿಯಿರಿ. ವಾಲಧುನಿ ನದಿಯ ದಡದಲ್ಲಿ ಕಪ್ಪು ಕಲ್ಲಿನ ಶಿವಾಲಯವೊಂದಿದೆ. ಶಿಲಾಹಾರ ಅರಸ ಮುಮ್ಮುಣಿಯ ಕಾಲದ ಶಾಸನ ಅದರಲ್ಲಿದೆ. ಅದರ ಕಾಲ ಶಕ ವರ್ಷ 982, ಅಂದರೆ ಕ್ರಿ.ಶ. 1060. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಹೊರಗೋಡೆಯ ಶಿಲ್ಪಗಳನ್ನು ನೋಡಲು ಅವಸರ ಮಾಡಬೇಡಿ. ಕ್ಯಾಮರಾ ತೆಗೆಯುವ ಮೊದಲು ಒಂದು ಸುತ್ತು ಬರಿಗಣ್ಣಿನಿಂದ ನೋಡಿ.

ಈ ದಾರಿಯಲ್ಲಿ ನಡುವೆ ಸಿಗುವುದು ಉಲ್ಲಾಸನಗರ. ನಿಮ್ಮ ಸಿಂಧಿ ಗೆಳೆಯನಿದ್ದರೆ ಇಲ್ಲಿ ಅವನೇ ಮುಂದಾಳಾಗಲಿ. 1947ರ ದೇಶ ವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ಬಂದ ಸಿಂಧಿಗಳನ್ನು ಮಹಾಯುದ್ಧದ ಕಾಲದ ಸೈನಿಕ ಶಿಬಿರದ ಬ್ಯಾರಕ್ಕುಗಳಲ್ಲಿ ಇಳಿಸಲಾಯಿತು. 1949ರಲ್ಲಿ ಆ ಶಿಬಿರ ಉಲ್ಲಾಸನಗರವಾಯಿತು. ನಮ್ಮವರಿಗೆ ಮೇ ತಿಂಗಳಲ್ಲಿ ಹೋಗಲು ಒಂದು ಊರಿದೆ. ಅವನ ಅಜ್ಜನಿಗೆ ಹಿಂತಿರುಗಿ ನೋಡಲು ಊರೇ ಉಳಿಯಲಿಲ್ಲ. ಇದನ್ನು ಅವನ ಬಾಯಿಂದಲೇ ಕೇಳಿ.

ಮೂರನೆಯ ದಿನ: ನವಿಮುಂಬಯಿ

ಠಾಣೆಯಿಂದ ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿದರೆ ಐರೋಲಿ, ರಬಾಳೆ, ಘನ್ಸೋಲಿ, ವಾಶಿ. ಇವೆಲ್ಲ ಒಂದು ಕಾಲಕ್ಕೆ ಆಗ್ರಿ ಮತ್ತು ಕೋಳಿ ಜನರ ಹಳ್ಳಿಗಳು, ಉಪ್ಪಿನ ಗದ್ದೆಗಳು, ಭತ್ತದ ಹೊಲಗಳು. ಮುಂಬಯಿಯ ಭಾರ ಇಳಿಸಲು ಖಾಡಿಯ ಆಚೆ ಹೊಸ ನಗರ ಕಟ್ಟಬೇಕೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಶಿರೀಷ್ ಪಟೇಲ್ 1965ರಲ್ಲಿ ಸಲಹೆ ಕೊಟ್ಟರು. 1970ರ ಮಾರ್ಚಿನಲ್ಲಿ ಸಿಡ್ಕೋ ಹುಟ್ಟಿತು. 95 ಹಳ್ಳಿಗಳ ಭೂಮಿಯನ್ನು ಹೊಸ ನಗರಕ್ಕೆಂದು ಗೊತ್ತುಮಾಡಿದರು. 1992ರಲ್ಲಿ ವಾಶಿಗೆ ರೈಲು ಬಂತು.

ಹೆದ್ದಾರಿಯ ಅಗಲ ನೋಡಿ ಹಿಗ್ಗುವಾಗ ಇನ್ನೊಂದು ಸಂಗತಿಯೂ ನೆನಪಿರಲಿ. ಭೂಮಿಗೆ ತಕ್ಕ ಬೆಲೆ ಬೇಕೆಂದು ದಿ. ಬಾ. ಪಾಟೀಲರ ನೇತೃತ್ವದಲ್ಲಿ ಇಲ್ಲಿಯ ರೈತರು ಹೋರಾಡಿದರು. 1984ರ ಜನವರಿಯಲ್ಲಿ ಉರಣದ ಕಡೆ ನಡೆದ ಗೋಳೀಬಾರಿನಲ್ಲಿ ಐವರು ಜೀವ ತೆತ್ತರು. ಕೊಟ್ಟ ಭೂಮಿಯ ನೂರಕ್ಕೆ ಹನ್ನೆರಡೂವರೆ ಪಾಲನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ರೈತನಿಗೆ ಹಿಂತಿರುಗಿಸುವ ಯೋಜನೆ ಆ ಹೋರಾಟದ ಫಲ. "ನಮ್ಮನ್ನು ಹೊರಗಿನವರೆಂದು ನೋಡುತ್ತಾರೆ" ಎಂದು ನಾವು ಕೊರಗುತ್ತೇವೆ. ನಮ್ಮ ಫ್ಲ್ಯಾಟಿನ ಅಡಿಯಲ್ಲಿ ಯಾರ ಗದ್ದೆ ಇತ್ತು ಎಂದು ನಾವು ಎಂದಾದರೂ ಕೇಳಿದ್ದೇವೆಯೇ? ಹೈಸ್ಕೂಲಿನ ಬೆಂಚಿನಲ್ಲಿ ನಿಮ್ಮ ಪಕ್ಕ ಕೂತಿದ್ದ ಆಗ್ರಿ ಹುಡುಗನ ಮನೆಗೆ ಒಮ್ಮೆ ಹೋಗಿ ಬನ್ನಿ. ಪನವೇಲ್ ಕಡೆಯವನಾದರೆ ಈ ಚಳಿಗಾಲದಲ್ಲೇ ಮಾಡುವ 'ಪೋಪಟಿ' ಸಿಕ್ಕೀತು. ಅವರೆಯ ಜಾತಿಯ ವಾಲ್ ಕಾಯಿಗಳನ್ನು ಸೊಪ್ಪಿನ ಜೊತೆ ಮಡಕೆಯಲ್ಲಿ ತುಂಬಿ, ಬಯಲಿನಲ್ಲಿ ಬೆಂಕಿ ಹಾಕಿ ಬೇಯಿಸುವ ಊಟ ಅದು.

ನೀರು ಇಳಿದ ಹೊತ್ತು ನೋಡಿಕೊಂಡು ಐರೋಲಿ ಅಥವಾ ಸೀವುಡ್ಸ್ ಕಡೆ ಖಾಡಿಯ ದಡಕ್ಕೆ ಹೋದರೆ ಫ್ಲೆಮಿಂಗೋ ಹಕ್ಕಿಗಳು ಕಾಣಿಸುತ್ತವೆ. ಮರಾಠಿಯಲ್ಲಿ ಇವಕ್ಕೆ ರೋಹಿತ್ ಎನ್ನುತ್ತಾರೆ. ಗುಜರಾತಿನ ಕಛ್ ಮುಂತಾದ ಕಡೆಗಳಿಂದ ಚಳಿಗಾಲದಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಬರುವ ಇವು ಮಳೆಗಾಲದ ಹೊತ್ತಿಗೆ ಮರಳುತ್ತವೆ. 2015ರಲ್ಲಿ ಠಾಣೆ ಖಾಡಿಯನ್ನು ಫ್ಲೆಮಿಂಗೋ ಅಭಯಾರಣ್ಯವೆಂದು ಘೋಷಿಸಿದರು. ಚಳಿಗಾಲದ ರಜೆಯನ್ನು ಪರವೂರಿನಲ್ಲಿ ಗೆಳೆಯರ ಜೊತೆ ಕಳೆಯುವುದು ಹೇಗೆಂದು ಇವನ್ನು ನೋಡಿ ಕಲಿಯಬೇಕು!

ಹಿಂತಿರುಗುವಾಗ ಬೇಲಾಪುರದಲ್ಲಿ ಕೊಂಕಣ ರೈಲ್ವೆಯ ಕೇಂದ್ರ ಕಚೇರಿ ಕಾಣುತ್ತದೆ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ 741 ಕಿಲೋಮೀಟರ್ ದಾರಿ ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಈ ರೈಲಿಗಾಗಿ ಪಟ್ಟು ಹಿಡಿದ ಜಾರ್ಜ್ ಫರ್ನಾಂಡಿಸ್ ಮಂಗಳೂರಿನಲ್ಲಿ ಹುಟ್ಟಿ, ಯುವಕನಾಗಿದ್ದಾಗ ಕೆಲಸ ಹುಡುಕುತ್ತ ಬೊಂಬಾಯಿಗೆ ಬಂದು, ಚೌಪಾಟಿಯ ಬೆಂಚಿನ ಮೇಲೆ ಮಲಗಿ ದಿನ ಕಳೆದವರು.

ನಾಲ್ಕನೆಯ ದಿನ: ಡೊಂಬಿವಲಿ

ಕೊನೆಯ ದಿನ ಡೊಂಬಿವಲಿಯಲ್ಲಿ ನೋಡಲು ಕೋಟೆ ಇಲ್ಲ, ಗುಹೆ ಇಲ್ಲ. ಫಡ್ಕೆ ರಸ್ತೆ ಇದೆ, ಗಣೇಶ ಮಂದಿರ ಇದೆ. ಯುಗಾದಿಯ ದಿನ ಊರಿಗೆ ಊರೇ ಬೀದಿಗಿಳಿಯುವ ಗುಢಿಪಾಡ್ವಾ ಮೆರವಣಿಗೆ 1999ರಲ್ಲಿ ಇಲ್ಲಿ ಶುರುವಾಗಿ ಆಮೇಲೆ ಬೇರೆ ಊರುಗಳಿಗೆ ಹಬ್ಬಿತು. ಡೊಂಬಿವಲಿ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯವನ್ನು ಒಮ್ಮೆ ನೋಡಿ ಬನ್ನಿ. ಪರವೂರಿಗೆ ಬಂದವರು ಬರೀ ಹೊಟ್ಟೆ ಹೊರೆಯಲಿಲ್ಲ, ಎಲ್ಲ ಭಾಷೆಯ ಮಕ್ಕಳಿಗೂ ಶಾಲೆ ಕಟ್ಟಿದರು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಆದರೆ ಡೊಂಬಿವಲಿಯಲ್ಲಿ ನಿಜವಾಗಿ ನೋಡಬೇಕಾದದ್ದು ಮನುಷ್ಯರನ್ನು. ನಿಮ್ಮ ಕಟ್ಟಡದಲ್ಲೇ, ಇಲ್ಲವೇ ಪಕ್ಕದ ಗಲ್ಲಿಯಲ್ಲಿ, ಎಂಬತ್ತು ದಾಟಿದ ಒಬ್ಬರಾದರೂ ಕನ್ನಡದ ಅಜ್ಜ ಇರುತ್ತಾರೆ. ಹನ್ನೆರಡೋ ಹದಿಮೂರೋ ವಯಸ್ಸಿನಲ್ಲಿ ದೂರದ ಸಂಬಂಧಿಯ ಬೆನ್ನು ಹಿಡಿದು ಹಡಗಿನಲ್ಲೋ ಬಸ್ಸಿನಲ್ಲೋ ಬಂದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಣ್ಣು ಎಳೆಯುತ್ತಿದ್ದರೂ ಮೆಟ್ರಿಕ್ ಓದಿದವರು. ಹತ್ತು ಹನ್ನೆರಡು ಮಂದಿ ಒಂದೇ ಖೋಲಿಯಲ್ಲಿ ಸರದಿಯ ಮೇಲೆ ಮಲಗುತ್ತಿದ್ದರು. ಪರವೂರಿನಲ್ಲಿ ಗೆಳೆಯರೊಡನೆ ಚಳಿಗಾಲ ಕಳೆಯುವುದೆಂದರೆ ಅವರಿಗೆ ಅದು. ರಜೆ ಎಂಬುದು ಮಾತ್ರ ಇರಲಿಲ್ಲ. ಊರಿಗೆ ಮನಿ ಆರ್ಡರ್ ಕಳಿಸಿ ಉಳಿದದ್ದರಲ್ಲಿ ಮದುವೆ, ಮಕ್ಕಳು. ಮುಂಬಯಿಯ ಬಾಡಿಗೆ ತಡೆಯಲಾರದೆ ಠಾಣೆ, ಡೊಂಬಿವಲಿ, ಕಲ್ಯಾಣಗಳ ಕಡೆ ಸರಿದು ಬಂದು ಒಂದು ಮನೆ ಮಾಡಿಕೊಂಡರು.

ಅಂಥವರ ಮುಂದೆ ಒಂದು ಗಂಟೆ ಕುಳಿತು ಮೂರು ಪ್ರಶ್ನೆ ಕೇಳಿ. ಇಲ್ಲಿಗೆ ಬಂದ ಮೊದಲ ರಾತ್ರಿ ಎಲ್ಲಿ ಮಲಗಿದಿರಿ? ಖೋಲಿಯಲ್ಲಿ ಜೊತೆಗಿದ್ದ ಗೆಳೆಯರು ಯಾರು, ಅವರೆಲ್ಲ ಎಲ್ಲಿ ಹೋದರು? "ಊರಿಗೆ ಹಿಂತಿರುಗಿಬಿಡೋಣ" ಎಂದು ಅನಿಸಿದ್ದು ಯಾವಾಗ, ಹೋಗದೆ ಉಳಿದದ್ದು ಏಕೆ? ಕೇಳಿದ್ದನ್ನು ಬರೆದುಕೊಳ್ಳಿ, ಅಥವಾ ನಿಮ್ಮ ಮೊಬೈಲಿನಲ್ಲಿ ಧ್ವನಿ ತುಂಬಿಸಿಕೊಳ್ಳಿ. ಅಜ್ಜಿಯರನ್ನೂ ಬಿಡಬೇಡಿ. ನಳದ ಎದುರು ಬೆಳಗಿನ ಜಾವ ಕೊಡ ಹಿಡಿದು ನಿಂತು, ಮರಾಠಿಯನ್ನು ಅಲ್ಲಿಯೇ ಕಲಿತವರು ಅವರು.

ಏಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಶಿಲಾಹಾರರು ಕಲ್ಲಿನಲ್ಲಿ ಬರೆಸಿ ಹೋದರು. ಮುಂಬಯಿಯ ಬದುಕನ್ನು ಯಶವಂತ ಚಿತ್ತಾಲರು 'ಶಿಕಾರಿ'ಯಲ್ಲಿ, ಜಯಂತ ಕಾಯ್ಕಿಣಿಯವರು ತಮ್ಮ ಕಥೆಗಳಲ್ಲಿ ಉಳಿಸಿಕೊಟ್ಟಿದ್ದಾರೆ. ಆದರೆ ಲೋಟ ತೊಳೆದ ಹುಡುಗ ತನ್ನ ಕಥೆಯನ್ನು ಎಲ್ಲಿಯೂ ಬರೆದಿಡಲಿಲ್ಲ. ಅದು ಅವರ ನಾಲಗೆಯ ಮೇಲಿದೆ, ಅದೂ ಕನ್ನಡದಲ್ಲಿ ಅಥವಾ ತುಳುವಿನಲ್ಲಿ. ಅವರ ಮಾತು ತಿಳಿಯುವ ಮೊಮ್ಮಕ್ಕಳು ನೀವೇ ಕೊನೆಯವರಾಗಬಹುದು. ನಿಮ್ಮ ಮಕ್ಕಳು ಕೇಳಬೇಕೆಂದು ಆಸೆಪಟ್ಟರೂ ಆಗ ಹೇಳುವವರು ಇರುವುದಿಲ್ಲ. ಕನ್ನಡ ಕಲಿಯಿರಿ ಎಂದು ಸಂಘದವರು ವೇದಿಕೆಯ ಮೇಲೆ ನಿಮಗೆ ಎಷ್ಟೋ ಸಲ ಹೇಳಿದ್ದಾರೆ. ಕಲಿತು ಏನು ಮಾಡಬೇಕು ಎಂದು ಮಾತ್ರ ಹೇಳಲಿಲ್ಲ. ಈ ಒಂದು ಕೆಲಸಕ್ಕೆ ಅದು ಬೇಕು.

ನಾಲ್ಕು ದಿನದ ಖರ್ಚು ಹೆಚ್ಚೇನಿಲ್ಲ. ಲೋಕಲ್ಲಿನ ಟಿಕೆಟು, ನೀರಿನ ಬಾಟಲಿ, ವಡಾಪಾವ್, ಗಟ್ಟಿಯಾದ ಚಪ್ಪಲಿ. ಮನೆಯಲ್ಲಿ ಹೇಳಿ ಹೋಗಿ, ಕತ್ತಲಾಗುವ ಮೊದಲು ಬನ್ನಿ. ಬಂದ ಮೇಲೆ ಕಂಡದ್ದನ್ನು, ಕೇಳಿದ್ದನ್ನು ಒಂದೆರಡು ಪುಟ ಬರೆದು ನಮ್ಮ ಸಂಘದ ಪತ್ರಿಕೆಗೆ ಕಳಿಸಿ. ಕನ್ನಡದಲ್ಲಿ ಬರೆಯಲು ಬಾರದಿದ್ದರೆ ನೀವು ಹೇಳುತ್ತ ಹೋಗಿ, ಅಮ್ಮ ಬರೆದುಕೊಡಲಿ. ಕಾಗುಣಿತದ ತಪ್ಪುಗಳನ್ನು ನಾವು ತಿದ್ದಿಕೊಳ್ಳುತ್ತೇವೆ.